ಬಾಗಿಲು ತೆರೆದು ಓದಿದ ಪತ್ರಗಳು

ಹುಮನಾಬಾದ್
14 ಜೂನ್ 2024

ಅಹೋ,

ನೋಡಿ, 'ಅಹೋ' ಎಂದೇ ಶುರು ಮಾಡಿದ್ದೇನೆ. ಮೊದಲು 'ಡಿಯರ್ ಸಮ್ಯಕ' ಎಂದು ಬರೆದು ಹರಿದೆ. ಆಮೇಲೆ 'ಪ್ರಿಯ ಸಮ್ಯಕ' ಎಂದು ಬರೆದು ಅದನ್ನೂ ಹರಿದೆ. ನಿಮ್ಮ ಆಜಿ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಾರೆ. ಅವರಿಗೆ ಓದಲು ಬಾರದು, ಗೊತ್ತು. ಆದರೂ ಗಂಡನ ಹೆಸರು ಬರೆದರೆ ನನ್ನ ಮುಖ ನೋಡಿಯೇ ಕಂಡುಹಿಡಿದುಬಿಡುತ್ತಾರೆ ಎಂದು ಭಯ!

ಯಾವ ಭಾಷೆಯಲ್ಲಿ ಬರೆಯಲಿ ಎಂದು ಎರಡು ದಿನ ಯೋಚಿಸಿದೆ. ಮನೆಯಲ್ಲಿ ಆಡುವ ಮರಾಠಿ ನನಗೆ ಬರೆಯಲು ಬಾರದು. ನನ್ನ ಇಂಗ್ಲಿಷ್ ಓದಿದರೆ 'ಸಾಹೇಬರ ಆರ್ಡರ್ ಓದಿದಂಗ ಆಗ್ತದ' ಎನ್ನುತ್ತೀರಿ. ನಿಮ್ಮ ಫೌಜಿನ ಹಿಂದಿಯಲ್ಲಿ ಪ್ರೀತಿಯ ಮಾತು ಬರೆದರೆ ಕವಾಯತು ಮಾಡಿಸಿದಂತಿರುತ್ತದೆ. ಉಳಿದದ್ದು ಕನ್ನಡ. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ಬೆಂಚಿನ ಮೇಲೆ ನಿಂತೇ ನಿಮಗೆ ಪ್ರೇಮಪತ್ರ ಬರೆಯುತ್ತಿದ್ದೇನೆ ಎಂದುಕೊಳ್ಳಿ. ತಪ್ಪಿದ್ದರೆ ನಗಬಹುದು, ಬೇರೆಯವರಿಗೆ ತೋರಿಸಬಾರದು.

ಬಸ್ ಸ್ಟ್ಯಾಂಡಿನಲ್ಲಿ ನಾನು ಅಳಲಿಲ್ಲ, ನೋಡಿದಿರಲ್ಲ? ಮನೆಗೆ ಬಂದು ನಿಮ್ಮ ನೀಲಿ ಟವೆಲ್ ತಂತಿಯ ಮೇಲೆ ಒಣಗುತ್ತಿದ್ದುದನ್ನು ಕಂಡು ಅತ್ತೆ. ಇನ್ನೂ ತೆಗೆದಿಲ್ಲ. ಮಳೆ ಬಂದಾಗಲೂ ತೆಗೆದಿಲ್ಲ. ಮಾವನವರು ಕೆಲಸದಿಂದ ಬಂದು, ಕೈಗೆ ಹತ್ತಿದ ಸಿಮೆಂಟು ತೊಳೆಯುತ್ತಾ, 'ಆ ಟವೆಲ್ ಯಾಕ ಹಿಂಗ ನೆನ್ಯಾಕತ್ತದ?' ಎಂದರು. ಆಜಿ, 'ಸುಮ್ಮನಿರೊ ದತ್ತಾತ್ರಿ, ನಿನಗ್ಯಾಕ ಬೇಕು' ಎಂದರು. ಅಷ್ಟೇ ನನಗೆ ಸಿಕ್ಕ ಸಹಾನುಭೂತಿ! ಅತ್ತೆ ಇಲ್ಲದ ಮನೆಗೆ ಹೋಗುತ್ತಿದ್ದೀಯ, ಅದೃಷ್ಟವಂತೆ ಎಂದು ಗೆಳತಿಯರೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದರು. ಅವರು ನಿಮ್ಮ ಆಜಿ ಸೋನುಬಾಯಿಯವರನ್ನು ನೋಡಿಲ್ಲ.

ನೀವಿರುವ ಆ ಗುಡ್ಡಗಳ ನಾಡನ್ನು ಫೋನಿನ ನಕ್ಷೆಯಲ್ಲಿ ಹುಡುಕಿದೆ. ನಮ್ಮ ದೇಶ ಅಲ್ಲಿಗೆ ಮುಟ್ಟುವ ಮೊದಲು ಎಷ್ಟು ಸಣ್ಣದಾಗಿ ಹೋಗಿ ಮತ್ತೆ ಅಗಲವಾಗುತ್ತದೆ! ಅಲ್ಲಿ ಇಂಟರ್‌ನೆಟ್ ಬಂದ್ ಮಾಡಿದ್ದಾರೆ ಎಂದರೆ ಮದುವೆಗೆ ಮೊದಲು ನನಗೆ ಅದು ಬರೀ ಸುದ್ದಿಯಾಗಿತ್ತು. ಈಗ ರಾತ್ರಿ ನಿಮಗೆ ಕಳಿಸಿದ ಮೆಸೇಜಿಗೆಲ್ಲ ಒಂದೇ ಟಿಕ್ಕು. ಆ ಒಂಟಿ ಟಿಕ್ಕುಗಳನ್ನು ನೋಡುತ್ತಾ ನಿದ್ದೆ ಮಾಡುತ್ತೇನೆ.

ಬೇಗ ಬರೆಯಿರಿ. ಉದ್ದ ಬರೆಯಿರಿ. ಏನಾದರೂ ಬರೆಯಿರಿ!

ಇನ್ನೂ ಹೊಸ ವಾಸನೆ ಹೋಗದ ನಿಮ್ಮ ಹೆಂಡತಿ,
ವಿಶಾಖಾ


ಗಡಿ ಠಾಣೆ
2 ಜುಲೈ 2024

ವಿಶಾಖಾ,

ಜಯಭೀಮ. ನಿನ್ನ ಪತ್ರ ಬಂತು. ನಾಲ್ಕು ಸಲ ಓದಿದೆ. ನನಗೆ ನಿನ್ನಷ್ಟು ಬರೆಯಲು ಬರುವುದಿಲ್ಲ.

ಇಲ್ಲಿ ನನ್ನ ಕೆಲಸ ಹೆಸರು ಕೇಳುವುದು. ರಸ್ತೆಗೆ ಬಿದಿರು ಅಡ್ಡ ಕಟ್ಟಿದ್ದೇವೆ. ಬಂದವರ ಹೆಸರು ಕೇಳಿದರೆ ಅವರು ಗುಡ್ಡದವರೋ ಗದ್ದೆಯವರೋ ಗೊತ್ತಾಗುತ್ತದೆ. ಗುಡ್ಡದವರು ಕೆಳಗೆ ಇಳಿಯುವಂತಿಲ್ಲ, ಗದ್ದೆಯವರು ಮೇಲೆ ಹತ್ತುವಂತಿಲ್ಲ. ಹೋದ ವರ್ಷ ಒಬ್ಬರ ಮನೆ ಒಬ್ಬರು ಸುಟ್ಟಿದ್ದಾರೆ. ನಡುವೆ ನಾವು. ಇಬ್ಬರಿಗೂ ನಮ್ಮ ಮೇಲೆ ಸಿಟ್ಟು. ಹೆಸರು ಕೇಳುವಾಗ ನಮ್ಮೂರಿನಲ್ಲಿ ನನ್ನ ಪೂರ್ತಿ ಹೆಸರು ಕೇಳಿದವರು ನೆನಪಾಗುತ್ತಾರೆ. ಇರಲಿ.

ಜೊತೆಗೆ ಸರ್ಫರಾಜ್ ಎಂಬ ಉತ್ತರ ಪ್ರದೇಶದವನು ಇದ್ದಾನೆ. ಒಳ್ಳೆಯವನು. ಗೊರಕೆ ಜಾಸ್ತಿ.

ನಿನ್ನ ಕತ್ತಿನ ಹಿಂದಿನ ಮಚ್ಚೆ ನೆನಪಾಗುತ್ತದೆ.

ಟವೆಲ್ ತೆಗೆದಿಡು, ಕೊಳೆಯುತ್ತದೆ.

ಸಮ್ಯಕ


ಬಸವಕಲ್ಯಾಣ
22 ಜುಲೈ 2024

ಅಹೋ,

ನೀವು ನನಗೆ ಹೇಳಬೇಕಿತ್ತು! ಫೌಜಿಯ ಪತ್ರ ಬಂದರೆ ಕಟ್ಟೆಯ ಮೇಲೆ ಕೂತು ಗಲ್ಲಿಗೆಲ್ಲ ಕೇಳುವಂತೆ ಓದಬೇಕು ಎಂದು ಯಾಕೆ ಹೇಳಲಿಲ್ಲ?

ನಿಮ್ಮ ಪತ್ರ ಬಂದ ದಿನ ನಾನು ಖುಷಿಯಿಂದ ಒಳಗೆ ಓಡಿ ಬಾಗಿಲು ಹಾಕಿಕೊಂಡೆ. ಅಷ್ಟೇ, ಹೊರಗೆ ಪಕ್ಕದ ಮನೆಯ ಚಂದಮ್ಮ ಕಾಕು ಎದೆ ಬಡಿದುಕೊಂಡು ಅಳಲು ಶುರು ಮಾಡಿದರು. 'ಏನಾತೋ ಎಪ್ಪಾ ಹುಡುಗಗ!' ಎಂದು ಅರ್ಧ ಗಲ್ಲಿ ಅಂಗಳದಲ್ಲಿ. ಆಜಿ ಬಾಗಿಲು ಬಡಿದು, 'ಏ ಪೋರಿ, ತೆರಿ ಮೊದಲ! ಫೌಜಿನ ಪತ್ರ ಬಾಗಲಾ ಮುಚ್ಚಿ ಓದ್ತಾರೇನು? ಬಾಗಲಾ ಮುಚ್ಚಿದ್ರ ಅದು ಸಾವಿನ ಖಬರ್' ಎಂದರು. ನಿಮ್ಮ ಅಜ್ಜ ಫೌಜಿನಲ್ಲಿದ್ದ ಕಾಲದಿಂದ ಇದೇ ಪದ್ಧತಿಯಂತೆ. ಆಗ ಗಲ್ಲಿಯಲ್ಲಿ ಓದು ಬಲ್ಲವನು ಒಬ್ಬನೇ, ಪತ್ರ ಎಲ್ಲರದು.

ಹಾಗಾಗಿ ನನ್ನ ಜೀವನದ ಮೊದಲ ಪ್ರೇಮಪತ್ರವನ್ನು ನಾನು ಮಾವ, ಆಜಿ, ಚಂದಮ್ಮ ಕಾಕು, ಮೂರು ಮೇಕೆ ಮತ್ತು ಆಜಿಯ ಗೆಳತಿ ಹಜಿರಾ ಬೀ ಅವರ ಮುಂದೆ ಓದಿದೆ. ಮಚ್ಚೆಯ ಸಾಲು ಬಂದಾಗ ನುಂಗಿದೆ. ಹಜಿರಾ ಬೀ ಎಲೆ ಅಡಿಕೆ ಮೆಲ್ಲುತ್ತಾ, 'ನಡಕ ಏನೋ ನುಂಗಿದಿ ಬೇಟಿ' ಎಂದರು. 'ಇಲ್ಲ ನಾನಿ, ಅಕ್ಷರ ತಿಳಿಯಲಿಲ್ಲ' ಎಂದೆ. 'ಹಂಗಾದ್ರ ಅಕ್ಷರ ಛಲೋ ಅದಾವ ಬಿಡು, ಮಾರಿ ಕೆಂಪಾಗ್ಯಾದ' ಎಂದರು. ಎಲ್ಲರೂ ನಕ್ಕರು. ಮಾವ ಎದ್ದು ಹೊರಗೆ ಹೋದರು, ಪಾಪ.

ಆಷಾಢಕ್ಕೆ ತವರಿಗೆ ಬಂದಿದ್ದೇನೆ. ನನ್ನ ಕೋಣೆ ಈಗ ತಮ್ಮನದು. ನನ್ನ ಕಪಾಟಿನಲ್ಲಿ ಅವನ ಕ್ರಿಕೆಟ್ ಸಾಮಾನು. ಹೈವೇ ಲಾರಿಗಳ ಸದ್ದಿಗೆ ಮೊದಲು ಜೋಗುಳದಂತೆ ನಿದ್ದೆ ಬರುತ್ತಿತ್ತು. ಈಗ ಪ್ರತಿ ಲಾರಿಯೂ ಎಲ್ಲಿಗೋ ಹೋಗುತ್ತಿದೆ, ನಾನು ಮಾತ್ರ ಇಲ್ಲೇ ಇದ್ದೇನೆ ಎನಿಸುತ್ತದೆ. ಇಲ್ಲಿ 'ಹುಮನಾಬಾದಿನ ಸೊಸೆ', ಅಲ್ಲಿ 'ಕಲ್ಯಾಣದ ಹುಡುಗಿ'. ನಡುವಿನ ಬಸ್ಸಿನಲ್ಲಿ ಮಾತ್ರ ನಾನು ನಾನೇ. ಸಂಜೆ ಬುದ್ಧ ವಿಹಾರದಲ್ಲಿ ಮಳೆಗಾಲದ ವರ್ಷಾವಾಸದ ಪಠಣಕ್ಕೆ ಅಮ್ಮನ ಜೊತೆ ಹೋಗಿ ಕೂರುತ್ತೇನೆ. ಎಲ್ಲರೂ ನಿಮ್ಮ ಬಗ್ಗೆ ಕೇಳುತ್ತಾರೆ. ನನ್ನ ಬಗ್ಗೆ ಯಾರೂ ಕೇಳುವುದಿಲ್ಲ.

ಬರುವ ಮೊದಲು ಹುಮನಾಬಾದಿನ ಒಂದು ಶಾಲೆಗೆ ಟೀಚರ್ ಕೆಲಸ ಕೇಳಲು ಹೋಗಿದ್ದೆ. ಪಾಠ ಮಾಡಿ ತೋರಿಸಿದೆ. ಮೇಡಂ 'ಬ್ಯೂಟಿಫುಲ್ ಇಂಗ್ಲಿಷ್!' ಎಂದರು. ಆಮೇಲೆ 'ಪೂರ್ತಿ ಹೆಸರು?' ಎಂದರು. ಹೇಳಿದೆ. ಪೆನ್ನಿನ ಟೋಪಿ ಹಾಕಿದರು. 'ತಿಳಿಸ್ತೀವಿ' ಎಂದರು. ಅಷ್ಟೇ.

ಇದನ್ನು ಅಮ್ಮನಿಗೂ ಹೇಳಿಲ್ಲ. ನೀವು 'ಇರಲಿ' ಎಂದು ಬರೆದಿದ್ದಿರಲ್ಲ, ಅದಕ್ಕೆ ನಿಮಗೆ ಹೇಳಿದೆ. ಇರಲಿ.

ನಿಮ್ಮ,
ನಡುವಿನ ಬಸ್ಸಿನ ವಿಶಾಖಾ

(ಟವೆಲ್ ತೆಗೆದಿಟ್ಟಿದ್ದೇನೆ. ದಿಂಬಿನ ಕೆಳಗೆ.)


ಸೇತುವೆ ಠಾಣೆ
18 ಆಗಸ್ಟ್ 2024

ವಿಶಾಖಾ,

ಈ ತಿಂಗಳಿಂದ ನಮ್ಮನ್ನು ಬೇರೆ ಠಾಣೆಗೆ ಹಾಕಿದ್ದಾರೆ. ಇಲ್ಲಿಂದ ಫೋನ್ ಇಲ್ಲವೇ ಇಲ್ಲ, ಪತ್ರ ಮಾತ್ರ. ಒಂದು ಕಬ್ಬಿಣದ ಸೇತುವೆ. ಈ ತುದಿ ಗುಡ್ಡದವರದು, ಆ ತುದಿ ಗದ್ದೆಯವರದು. ಸೇತುವೆ ಮಾತ್ರ ನಮ್ಮದು.

ಇಬ್ಬರು ಮುದುಕಿಯರ ವಿಷಯ ಬರೆಯುತ್ತೇನೆ, ಆಜಿಗೆ ಹಿಡಿಸುತ್ತದೆ. ಮೊದಲು ಸೇತುವೆಯ ಬಾಯಲ್ಲಿ ಬಜಾರಿತ್ತಂತೆ. ಅಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಮಾರುತ್ತಿದ್ದರು, ಮದುವೆಯಾಗಿ ಬಂದಾಗಿನಿಂದ. ಗುಡ್ಡದಜ್ಜಿಯದು ಎಳೆ ಬಿದಿರು, ಗದ್ದೆಯಜ್ಜಿಯದು ಒಣ ಮೀನು. ಬಜಾರು ಸುಟ್ಟ ಮೇಲೆ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಗುಡ್ಡದಜ್ಜಿಗೆ ಒಂದು ಕಿವಿ ಹರಿದಿದೆ, ಓಲೆಯ ಭಾರಕ್ಕೆ. ಯಾವಾಗಲೂ ಒಂದು ನೀಲಿ ಛತ್ರಿ. ಬೆಳಿಗ್ಗೆ ಬಂದು ಮರಳು ಚೀಲದ ಮೇಲೆ ಒಂದು ಕಟ್ಟು ಬಿದಿರು ಇಟ್ಟು, ಆ ಕಡೆ ಕೈ ತೋರಿಸಿ ಹೋಗುತ್ತಾಳೆ. ನಾನು ಪಾಳಿ ಬದಲಾಗುವಾಗ ಅದನ್ನು ಆ ತುದಿಗೆ ಒಯ್ಯುತ್ತೇನೆ. ಅಲ್ಲಿ ಗದ್ದೆಯಜ್ಜಿ ಮೀನಿನ ಪೊಟ್ಟಣ ಹಿಡಿದು ಕಾಯುತ್ತಿರುತ್ತಾಳೆ. ಇದಕ್ಕೆ ಪರವಾನಗಿ ಇಲ್ಲ. ಸರ್ಫರಾಜ್ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಾನೆ.

ಹೋದ ವಾರ ಮಂಜು ದಟ್ಟವಾಗಿತ್ತು. ಇಬ್ಬರನ್ನೂ ಸೇತುವೆಯ ನಡುವಿನ ನಮ್ಮ ತಗಡಿನ ಗೂಡಿಗೆ ಕರೆದೆವು. ಅಪ್ಪಿಕೊಂಡು ಅಳುತ್ತಾರೆ ಎಂದುಕೊಂಡೆ. ಇಲ್ಲ! ಜಗಳಕ್ಕೆ ಬಿದ್ದರು. ಒಬ್ಬಳು ಕೈ ಕುಣಿಸುತ್ತಾಳೆ, ಇನ್ನೊಬ್ಬಳು ನೆಲ ಕುಟ್ಟುತ್ತಾಳೆ. ತಕ್ಕಡಿಯ ಕಲ್ಲೊಂದನ್ನು ಯಾರು ಯಾರಿಗೆ ಹಿಂತಿರುಗಿಸಲಿಲ್ಲ ಎಂದು ಇರಬೇಕು, ಕೈಯಲ್ಲಿ ತೂಗಿ ತೋರಿಸುತ್ತಿದ್ದರು. ಆ ಕಲ್ಲು ಬೂದಿಯಲ್ಲಿ ಎಲ್ಲಿದೆಯೋ! ಆಮೇಲೆ ನೋಡಿದರೆ ಇಬ್ಬರೂ ನಗುತ್ತಿದ್ದಾರೆ. ಚಹಾ ಕೊಟ್ಟೆ, ಕುಡಿದು ಹೋದರು. ಹೋಗುವಾಗ ಗುಡ್ಡದಜ್ಜಿ ನನ್ನ ಗಲ್ಲ ಹಿಂಡಿದಳು. ಅವಳ ಕೈ ಆಜಿಯ ಕೈಯಷ್ಟೇ ಒರಟು.

ಈ ಕೆಲಸಕ್ಕೆ ಬಂದ ಮೇಲೆ ಅವತ್ತೊಂದು ದಿನ ದೇಶ ಅಂದರೆ ಏನು ಎಂದು ತಿಳಿದ ಹಾಗಾಯಿತು.

ರಜೆ ಮಂಜೂರಾಗಿದೆ. ಅಕ್ಟೋಬರ್ ಕೊನೆಗೆ ಬರುತ್ತೇನೆ. ನಿನ್ನನ್ನು ನೋಡಬೇಕು.

ಸಮ್ಯಕ


ಹುಮನಾಬಾದ್
4 ಸೆಪ್ಟೆಂಬರ್ 2024

ಅಹೋ! ಅಹೋ! ಅಹೋ!

ಅಕ್ಟೋಬರ್! ಕ್ಯಾಲೆಂಡರಿನ ಆ ಹಾಳೆಗೆ ಈಗಲೇ ಅರಿಶಿನ ಹಚ್ಚಿದ್ದೇನೆ. ಮಾವನವರು ಅಡುಗೆ ಮನೆಗೆ ಸುಣ್ಣ ಹೊಡೆಯುತ್ತೇನೆ ಎಂದರು. ಊರಿನ ಮನೆಗಳನ್ನೆಲ್ಲ ಕಟ್ಟುವ ಗೌಂಡಿ, ತನ್ನ ಮನೆ ಗೋಡೆ ಮುಟ್ಟಿ ಆರು ವರ್ಷವಾಗಿತ್ತಂತೆ.

ಕಟ್ಟೆಯ ಮೇಲೆ ನಿಮ್ಮ ಪತ್ರ ಓದಿದ್ದು ಒಂದು ಸಲವಲ್ಲ, ಮೂರು ಸಲ. ಕೆಲಸದಿಂದ ತಡವಾಗಿ ಬಂದವರು 'ನಮಗಷ್ಟು ಓದವಾ' ಎಂದು ಬಾಗಿಲಿಗೆ ಬಂದರು. ಗಲ್ಲಿಯವರಿಗೆಲ್ಲ ಆ ಅಜ್ಜಿಯರು ಈಗ ನೆಂಟರು. ಚಂದಮ್ಮ ಕಾಕು ನೀರಿನ ನಳದ ಹತ್ತಿರ, 'ಇವತ್ತ ಮಂಜು ಬಿದ್ದಿರಬೇಕೇನು ಅಲ್ಲಿ? ಮುದುಕ್ಯಾರು ಭೆಟ್ಟಿ ಆದ್ರೋ ಇಲ್ಲೋ' ಎನ್ನುತ್ತಿದ್ದರು. ಹಜಿರಾ ಬೀ ಮಾತ್ರ ಓದು ಮುಗಿದ ಮೇಲೆ ಎಲೆ ಅಡಿಕೆಯ ಚೀಲ ತಡಕಿದರು. ಆಮೇಲೆ ಆಜಿಯ ತೊಡೆಗೆ ಒಂದು ಏಟು ಹಾಕಿ, 'ನನ್ನ ಅಡಕೊತ್ತ ಎಲ್ಲಿಟ್ಟಿ ಸೋನೂ?' ಎಂದರು. 'ನಾ ಯಾಕ ತಗೊಳ್ಳಲಿ ನಿನ್ನ ಮುರಕಾ ಅಡಕೊತ್ತ!' ಎಂದು ಆಜಿ. ಇಲ್ಲೂ ಶುರು!

ಈಗ ಮುಖ್ಯ ವಿಷಯ. ನಮ್ಮ ಗಲ್ಲಿಯ ತುದಿಯ ಅಂಬಾದಾಸ ಸರ್ ಓದನ್ನು ಕೇಳಿದರು. ಸೆಪ್ಟೆಂಬರ್ ಹದಿನೇಳಕ್ಕೆ ವಿಮೋಚನಾ ದಿನದ ಸಭೆ ಮಾಡುವ ಸಮಿತಿಯಲ್ಲಿ ಅವರಿದ್ದಾರೆ. 'ನಮ್ಮ ಭಾಗ ನಿಜಾಮನಿಂದ ಬಿಡಿಸಿಕೊಂಡು ದೇಶಕ್ಕೆ ಕೂಡಿದ ದಿನ. ಅವತ್ತ ದೇಶಾ ಕೂಡಸಾಕತ್ತ ಫೌಜಿಯ ಪತ್ರ ಓದಿದ್ರ ಎಷ್ಟ ಬರೋಬ್ಬರ ಆಗ್ತದ ನೋಡವಾ. ನೀನ ವೇದಿಕಿ ಮ್ಯಾಲ ಬಂದು ಓದಬೇಕು' ಎಂದರು.

ಆಜಿ ಬೇಡ ಎಂದರು. 'ಕಟ್ಟಿ ಮಾತು ಕಟ್ಟಿಗಿರಲಿ' ಎಂದರು. ಕಾರಣ ಕೇಳಿದರೆ ಹೇಳುವುದಿಲ್ಲ. ಆದರೆ ನಾನು ಹೂಂ ಎಂದುಬಿಟ್ಟೆ. ನಿಮಗೆ ಬೇಡ ಎನಿಸಿದರೆ ತಡೆಯಿರಿ. ಆದರೆ ನನ್ನ ಪತ್ರ ನಿಮಗೆ ಮುಟ್ಟುವುದಕ್ಕೇ ಹದಿಮೂರು ಹದಿನಾಲ್ಕು ದಿನ! ಹಾಗಾಗಿ ನಿಮ್ಮ ಮೌನವನ್ನು ಒಪ್ಪಿಗೆ ಎಂದುಕೊಳ್ಳುತ್ತೇನೆ. ನನ್ನನ್ನು ನೋಡಲು ಬಂದಾಗಲೂ ನೀವು ಒಪ್ಪಿಗೆ ಕೊಟ್ಟದ್ದು ಹಾಗೆಯೇ ಅಲ್ಲವೇ?

ವೇದಿಕೆಗೆ ಹೊರಟ ನಿಮ್ಮ,
ವಿಶಾಖಾ


ಹುಮನಾಬಾದ್
18 ಸೆಪ್ಟೆಂಬರ್ 2024

ಅಹೋ,

ನಿನ್ನೆ ನೀವು ಇರಬೇಕಿತ್ತು.

ಹಳದಿ ಸೀರೆ ಉಟ್ಟಿದ್ದೆ. ಬಾವುಟ ಹಾರಿತು, ಮಕ್ಕಳು ಹಾಡಿದರು, ಭಾಷಣಗಳಾದವು. ಆಮೇಲೆ ನನ್ನ ಹೆಸರು ಕರೆದರು. ಅಲ್ಲ, ಹೆಸರು ಕರೆಯಲೇ ಇಲ್ಲ. 'ವೀರಯೋಧನ ಧರ್ಮಪತ್ನಿ' ಎಂದರು. ಅಷ್ಟೇ ಸಾಕಾಯಿತು, ಸಭೆಯೆಲ್ಲ ಎದ್ದು ನಿಂತಿತು! ಮುಂದಿನ ಸಾಲಿನಲ್ಲಿ ಯಾರಿದ್ದರು ಹೇಳಿ? ಪೆನ್ನಿನ ಟೋಪಿ ಹಾಕಿದ ಮೇಡಂ. ಅವರೂ ಎದ್ದು ಚಪ್ಪಾಳೆ ತಟ್ಟಿದರು. ಅವರೇ ಬಂದು ನನಗೆ ಶಾಲು ಹೊದಿಸಿದರು. ಯಾರೂ ಪೂರ್ತಿ ಹೆಸರು ಕೇಳಲಿಲ್ಲ. ನನಗೆ ಎಷ್ಟು ಸುಖವಾಯಿತೆಂದರೆ ನಾಚಿಕೆಯಾಗುವಷ್ಟು.

ನೀವು ಬರೆದ ಒಂದು ಅಕ್ಷರವನ್ನೂ ಬಿಡದೆ ಓದಿದೆ. ಹರಿದ ಕಿವಿ, ನೀಲಿ ಛತ್ರಿ, ಬೆಳಗಿನ ಪಾಳಿ, ಸರ್ಫರಾಜ್ ಬೇರೆ ಕಡೆ ನೋಡುವುದು, ಎಲ್ಲ. ತಕ್ಕಡಿ ಕಲ್ಲಿನ ಜಗಳ ಓದುವಾಗ ಜನ ನಕ್ಕರು. ಗಲ್ಲ ಹಿಂಡಿದ್ದು ಓದುವಾಗ ಒಬ್ಬ ಮುದುಕರು ಕಣ್ಣೊರೆಸಿಕೊಂಡರು. ಕೊನೆಗೆ ನನ್ನದೇ ಎರಡು ಮಾತು ಸೇರಿಸಿದೆ. ಅದು ಯಾವ ನಾಡು, ಯಾವ ನದಿಯ ಸೇತುವೆ ಎಂದು ಹೇಳಿ, 'ಆ ಸೇತುವೆ ಕಬ್ಬಿಣದ್ದಲ್ಲ, ನನ್ನ ಗಂಡನೇ ಆ ಸೇತುವೆ' ಎಂದೆ. ಚಪ್ಪಾಳೆ ನಿಲ್ಲಲೇ ಇಲ್ಲ. ಸ್ಥಳೀಯ ಚಾನೆಲ್ಲಿನ ಹುಡುಗರು ವಿಡಿಯೊ ಮಾಡಿಕೊಂಡು ಹೋದರು. ಬೆಳಗಾಗುವುದರೊಳಗೆ ಯಾರೋ ಅದಕ್ಕೆ ಹಿಂದಿ, ಇಂಗ್ಲಿಷ್ ಸಾಲುಗಳನ್ನೂ ಹಾಕಿದ್ದಾರೆ. ಪುಣೆಯಿಂದ, ದೆಹಲಿಯಿಂದ, ಯಾರು ಯಾರೋ 'ಜೈ ಹಿಂದ್ ಸಿಸ್ಟರ್' ಎಂದು ಬರೆಯುತ್ತಿದ್ದಾರೆ!

ಶಾಲು ಹೊದ್ದುಕೊಂಡೇ ಮನೆಗೆ ಬಂದೆ. ಮಾವ ಕೆಲಸಕ್ಕೆ ಹೋಗಿದ್ದರು. ಹಜಿರಾ ಬೀ ದಿನಾ ಮಧ್ಯಾಹ್ನ ಬರುವವರು ನಿನ್ನೆ ಬಂದಿರಲಿಲ್ಲ. ಸೆಪ್ಟೆಂಬರ್ ಹದಿನೇಳರಂದು ಯಾವ ವರ್ಷವೂ ಬರುವುದಿಲ್ಲವಂತೆ. ಆಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪೇಡೆ ತಂದಿದ್ದೆ, 'ಅಲ್ಲಿಡು' ಎಂದರು. ಶಾಲು ತೋರಿಸಲು ಯಾರೂ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ನಾನೇ ನೋಡಿಕೊಂಡೆ. ಆಮೇಲೆ ಮಡಿಸಿ ನಿಮ್ಮ ಟವೆಲ್ಲಿನ ಜೊತೆ ಇಟ್ಟೆ.

ವೀರಯೋಧನ
ವಿಶಾಖಾ


ಹುಮನಾಬಾದ್
5 ಅಕ್ಟೋಬರ್ 2024

ಅಹೋ,

ನಿಮ್ಮ ಕಡೆ ಒಂದು ವಾರದ ಮಟ್ಟಿಗೆ ನೆಟ್ ಬಿಟ್ಟಿದ್ದಾರೆ ಎಂದು ಟಿವಿಯಲ್ಲಿ ಹೇಳಿದರು. ನೀವು ಸೇತುವೆಯಿಂದ ಕ್ಯಾಂಪಿಗೆ ಬಂದು ಫೋನ್ ಮಾಡುತ್ತೀರಿ ಎಂದು ಫೋನ್ ಕೈಯಲ್ಲೇ ಹಿಡಿದು ರೊಟ್ಟಿ ಬಡಿದೆ. ಸ್ನಾನಕ್ಕೆ ಹೋಗುವಾಗ ಆಜಿಯ ಕೈಗೆ ಕೊಟ್ಟು ಹೋದೆ. ಒಂದು ಬೆಳಿಗ್ಗೆ ನನ್ನ ಹಳೆಯ ಮೆಸೇಜುಗಳಿಗೆಲ್ಲ ಒಟ್ಟಿಗೇ ಎರಡು ಟಿಕ್ಕು ಬಿದ್ದವು. ಜೂನಿನಿಂದ ಕಳಿಸಿದ್ದೆಲ್ಲ ಮುಟ್ಟಿತು. ಉತ್ತರ ಬರಲಿಲ್ಲ.

ಈಗ ಮತ್ತೆ ಬಂದ್ ಆಗಿದೆಯಂತೆ. ಸೇತುವೆಯ ಹತ್ತಿರ ಗಲಾಟೆ ಎಂದು ಒಂದೇ ಸಾಲು ತೋರಿಸಿದರು. ಯಾವ ಸೇತುವೆ ಎಂದು ಹೇಳಲಿಲ್ಲ.

ಅಳುತ್ತಾ ಕೂತಿದ್ದಾಗ ಆಜಿ ಹತ್ತಿರ ಬಂದು ಕೂತರು. ನಾನು ಕೇಳದೆಯೇ ಹೇಳಿದರು. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

'ನಾ ಎಂಟು ವರ್ಷದಾಕಿ. ನಿಜಾಮನ ರಜಾಕಾರರ ಕಾಟ ಮುಗೀತು, ಫೌಜ್ ಬಂತು, ಮಂದಿ ಬೆಲ್ಲಾ ಹಂಚಿದ್ರು. ಆಮ್ಯಾಲ ಊರಾಗ ಉಳಿದ ಮುಸಲ್ಮಾನರ ಮ್ಯಾಲ ಸೇಡು ತೀರಿಸೋ ಸರದಿ ಬಂತು. ಹಜಿರಾನ ಅಪ್ಪ ಹತ್ತಿ ಹಿಂಜೋ ಪಿಂಜಾರಕಿ ಮಾಡಾಂವ, ಯಾರಿಗೂ ಒಂದ ಮಾತು ಅಂದಾಂವಲ್ಲ. ನಮ್ಮಪ್ಪ ಅವನ್ನ ಜ್ವಾಳದ ಕಣಕಿ ಬಣವ್ಯಾಗ ಅಡಗಿಸಿಟ್ಟ. ಹಜಿರಾ ಆಗ ಇನ್ನಾ ಹೊಟ್ಯಾಗಿದ್ಲು.'

'ಅವರು ಅಡಗಿದ್ದನ್ನು ಹೊರಗೆ ಹೇಳಿದವರು ಯಾರು ಆಜಿ? ವೈರಿಗಳಾ?'

'ವೈರಿ ಅಲ್ಲವಾ. ನಮ್ಮ ಕಾಕಾ. ಸಂತ್ಯಾಗ ನಿಂತು, ನಮ್ಮಣ್ಣ ಎಂಥಾ ದೊಡ್ಡ ಮನಷ್ಯಾ ನೋಡ್ರಿ, ಪರರ ಜೀವಾ ಉಳಿಸ್ಯಾನ, ಅಂತ ಹೊಗಳಿದ. ಬೈದ ಮಾತು ಅಲ್ಲೇ ಬೀಳ್ತದ ಪೋರಿ. ಹೊಗಳಿದ ಮಾತಿಗೆ ಕಾಲಿರ್ತಾವ.'

'ಆಮೇಲೆ?'

'ಆಮ್ಯಾಲ ಏನು. ಹಜಿರಾಗ ಅಪ್ಪನ ಮಾರಿ ಗೊತ್ತಿಲ್ಲ.'

ಇಷ್ಟು ವರ್ಷ ದಿನಾ ಮಧ್ಯಾಹ್ನ ಅಡಕೊತ್ತಿಗೆ ಜಗಳ ಆಡುವ ಆ ಇಬ್ಬರು ಈ ಮಾತನ್ನು ಒಮ್ಮೆಯೂ ಆಡಿಲ್ಲವಂತೆ.

ಅಹೋ, ನಾನು ಏನು ಮಾಡಿದೆ?

ವಿಶಾಖಾ


ಹುಮನಾಬಾದ್
16 ಅಕ್ಟೋಬರ್ 2024

ಅಹೋ,

ಬೈದಾದರೂ ಬರೆಯಿರಿ. ಅಡುಗೆ ಮನೆಗೆ ಸುಣ್ಣ ಆಯಿತು.

ವಿ.


ಕ್ಯಾಂಪ್
25 ಅಕ್ಟೋಬರ್ 2024

ವಿಶಾಖಾ,

ನಿನ್ನ ಪತ್ರಗಳು ಬಂದಿವೆ. ಬರೆಯಲು ತಡವಾಯಿತು, ವಿಚಾರಣೆ ನಡೆಯುತ್ತಿತ್ತು. ನಾನು ಚೆನ್ನಾಗಿದ್ದೇನೆ. ಅದನ್ನು ಮೊದಲು ಓದು.

ನೆಟ್ ಬಿಟ್ಟ ದಿನ ಎಲ್ಲರೂ ಮನೆಗೆ ಫೋನ್ ಹಚ್ಚುತ್ತಿದ್ದರು. ಸುಬೇದಾರ್ ಸಾಹೇಬರು ತಮ್ಮ ಫೋನ್ ತಂದು ನನ್ನ ಮುಂದೆ ಹಿಡಿದರು. ನೀನಿದ್ದೆ. ಹಳದಿ ಸೀರೆ. ಮೊದಲ ಸಲ ನಾನು ಮಾತು ಕೇಳಲೇ ಇಲ್ಲ, ನಿನ್ನನ್ನೇ ನೋಡಿದೆ. ನಾಲ್ಕು ತಿಂಗಳಾಗಿತ್ತಲ್ಲ. ಎರಡನೇ ಸಲ ಕೇಳಿದೆ.

ಅಷ್ಟರಲ್ಲಿ ಆ ವಿಡಿಯೊ ಇಲ್ಲಿನ ಊರಿನವರ ಕೈಗೂ ಬಂದಿತ್ತು. ಸಂಜೆ ಎರಡೂ ತುದಿಗೆ ಜನ ಬಂದರು. ಹರಿದ ಕಿವಿ, ನೀಲಿ ಛತ್ರಿ ಎಂದ ಮೇಲೆ ಹುಡುಕುವುದೇನಿದೆ. ನಾವು ಕಷ್ಟಪಟ್ಟು ಜನರನ್ನು ತಡೆದೆವು. ಯಾರೂ ಸಾಯಲಿಲ್ಲ. ಮರುದಿನದಿಂದ ಗುಡ್ಡದಜ್ಜಿ ಬರಲಿಲ್ಲ. ಅವಳ ಊರಿನ ಹುಡುಗರು ಅವಳನ್ನು ಒಳಗಿನ ಯಾವುದೋ ಹಳ್ಳಿಗೆ ಸಾಗಿಸಿದರು ಎನ್ನುತ್ತಾರೆ. ಎಲ್ಲಿಗೆ ಎಂದು ಹೇಳುವುದಿಲ್ಲ. ಕೇಳೋಣವೆಂದರೆ ನನಗೆ ಅವರ ಭಾಷೆ ಬಾರದು.

ನನ್ನನ್ನು ಸೇತುವೆಯಿಂದ ತೆಗೆದು ಸ್ಟೋರಿಗೆ ಹಾಕಿದ್ದಾರೆ. ರಜೆ ರದ್ದಾಗಿದೆ. ಸರ್ಫರಾಜ್ ಅಲ್ಲೇ ಇದ್ದಾನೆ, ಅವನಿಗೆ ಬರೀ ಎಚ್ಚರಿಕೆ ಕೊಟ್ಟರು. ಗದ್ದೆಯಜ್ಜಿ ಇನ್ನೂ ಬರುತ್ತಾಳಂತೆ. ಪೊಟ್ಟಣ ಹಿಡಿದು ನಿಂತು, ಬಿಸಿಲೇರಿದ ಮೇಲೆ ಹಿಂತಿರುಗುತ್ತಾಳಂತೆ. ಅವಳ ಕಡೆಯವರು ಬೈದರೂ ಕೇಳುವುದಿಲ್ಲವಂತೆ.

ನೀನು ಓದಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಎಲ್ಲ ನಾನೇ ಬರೆದದ್ದು. ಬರೆಯುವಾಗ ನನಗೆ ಕಟ್ಟೆ ಕಾಣುತ್ತಿತ್ತು. ಆಜಿ, ಅಪ್ಪ, ಗಲ್ಲಿಯವರು ಕೇಳಿ ಹೆಮ್ಮೆಪಡಲಿ ಎಂದೇ ಛತ್ರಿಯ ಬಣ್ಣ ಬರೆದೆ. ಇಲ್ಲದಿದ್ದರೆ ಅದನ್ನು ಯಾಕೆ ಬರೆಯಬೇಕಿತ್ತು.

ಇಲ್ಲಿ ಚಳಿ ಶುರುವಾಗಿದೆ.

ಸಮ್ಯಕ


ಹುಮನಾಬಾದ್
24 ನವೆಂಬರ್ 2024

ಅಹೋ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನಿನ ಟೋಪಿ ಹಾಕಿ ಎದ್ದೆ.

ಪೋಸ್ಟ್‌ಮನ್ ಅಂಗಳಕ್ಕೆ ಬರುವ ಮೊದಲೇ ಕೂಗು ಹಾಕಿದ್ದರು. ನಾನು ಲಕೋಟೆ ಒಡೆಯುವುದರೊಳಗೆ ಕಟ್ಟೆ ತುಂಬಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಆಸೆ ಎಷ್ಟಿತ್ತೆಂದು ನಿಮಗೆ ಹೇಗೆ ಹೇಳಲಿ. ಮಾವನವರು ಸೈಕಲ್ ಹಿಡಿದುಕೊಂಡೇ ನಿಂತಿದ್ದರು, ಸ್ಟ್ಯಾಂಡ್ ಹಾಕುವುದನ್ನೂ ಮರೆತು. ಚಂದಮ್ಮ ಕಾಕು, 'ಜಲ್ದಿ ಓದವಾ, ಮುದುಕ್ಯಾರು ಹ್ಯಾಂಗದಾರ?' ಎಂದರು. ನಿಮ್ಮ ವಿಷಯ ಕೂಡ ಆಮೇಲೆ!

ನೀವು ಚೆನ್ನಾಗಿದ್ದೀರಿ ಎಂಬ ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ. ಮಾವ ಸೈಕಲ್‌ಗೆ ಸ್ಟ್ಯಾಂಡ್ ಹಾಕಿದರು. ಮುಂದಿನದನ್ನು ಕಣ್ಣಿನಲ್ಲೇ ಓದುತ್ತಾ ಹೋದೆ. ಎಲ್ಲರೂ ಕಾಯುತ್ತಿದ್ದರು. ಆಮೇಲೆ ಬಾಯಿ ತೆರೆದೆ. ಅದರಿಂದ ಬಂದದ್ದು ನೀವು ಬರೆದದ್ದಲ್ಲ.

'ಕೆಲಸ ಜಾಸ್ತಿ ಇರುವುದರಿಂದ ಈ ಸಲ ರಜೆ ಇಲ್ಲ' ಎಂದು ಓದಿದೆ. 'ಊಟ ಚೆನ್ನಾಗಿದೆ' ಎಂದೆ. 'ಸರ್ಫರಾಜನ ಗೊರಕೆ ಕಡಿಮೆಯಾಗಿಲ್ಲ' ಎಂದೆ. ಎಲ್ಲರೂ ನಕ್ಕರು. ಚಂದಮ್ಮ ಕಾಕು ಇನ್ನೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಗ, 'ಇಬ್ಬರು ಅಜ್ಜಿಯರೂ ಸೌಖ್ಯ. ಮಂಜು ಬಿದ್ದ ದಿನ ಭೇಟಿಯಾಗುತ್ತಾರೆ. ಕಲ್ಲಿನ ಜಗಳ ಇನ್ನೂ ಮುಗಿದಿಲ್ಲ' ಎಂದು ಓದಿದೆ. ಇಷ್ಟು ಚೆನ್ನಾಗಿ ನಾನು ವೇದಿಕೆಯ ಮೇಲೂ ಓದಿರಲಿಲ್ಲ.

ಜನ ಎದ್ದು ಹೋದರು. ಹಜಿರಾ ಬೀ ಮಾತ್ರ ಉಳಿದರು. ಆಜಿಯೂ ಇದ್ದರು. 'ಒಂದ ಹಾಳೀನ ಇಷ್ಟೊತ್ತು ಓದಿದಿ. ಹೊಳ್ಳಿಸಲೇ ಇಲ್ಲಲ್ಲ ಬೇಟಿ?' ಎಂದರು. ನಾನು ತಲೆ ತಗ್ಗಿಸಿದೆ. ಅವರು ಹತ್ತಿರ ಸರಿದು ಪತ್ರವನ್ನು ನನ್ನ ಕೈಯಿಂದ ತೆಗೆದು, ಮಡಿಸಿ, ನನ್ನ ಮಡಿಲಲ್ಲಿಟ್ಟರು. ಆಜಿಯ ಕಡೆ ತಿರುಗಿ, 'ನಿನ್ನ ಸೊಸಿ ಓದೋದು ಕಲತಾಳ ಸೋನೂ' ಎಂದರು. ಆ ರಾತ್ರಿ ಆಜಿ ನನ್ನ ತಾಟಿಗೆ ತಾವೇ ರೊಟ್ಟಿ ಹಾಕಿದರು.

ಅಂಬಾದಾಸ ಸರ್ ಜನವರಿ ಇಪ್ಪತ್ತಾರಕ್ಕೆ ಮತ್ತೆ ವೇದಿಕೆಗೆ ಕರೆದಿದ್ದಾರೆ. ಅವತ್ತು ನನಗೆ ಜ್ವರ ಬರುತ್ತದೆ ಎಂದು ಈಗಲೇ ಹೇಳಿಬಿಟ್ಟೆ. ಮೇಡಂ ಶಾಲೆಯಿಂದಲೂ ಕರೆ ಬಂದಿತ್ತು, ಕೆಲಸ ಕೊಡುತ್ತಾರಂತೆ. ಹೋಗಬೇಕೋ ಬೇಡವೋ ಗೊತ್ತಿಲ್ಲ. ಶಾಲು ನೋಡಿ ಕೊಟ್ಟ ಕೆಲಸ ಅದು. ನೀವು ಬಂದಾಗ ಮಾತಾಡೋಣ.

ಇನ್ನು ಮೇಲೆ ನಿಮಗೆ ಆದದ್ದನ್ನೆಲ್ಲ ಆದ ಹಾಗೆಯೇ ನನಗೆ ಬರೆಯಿರಿ, ಒಂದನ್ನೂ ಬಿಡಬೇಡಿ. ಕಟ್ಟೆಗೆ ಏನು ಬೇಕೋ ಅದನ್ನು ನಾನು ಓದಿಕೊಳ್ಳುತ್ತೇನೆ. ಮೊದಲು ನಿಮ್ಮ ಪತ್ರವನ್ನು ಒಬ್ಬಳೇ ಓದಬೇಕೆಂದು ಎಷ್ಟು ಹಂಬಲಿಸಿದ್ದೆ! ಈಗ ನಿಜವಾಗಿಯೂ ಒಬ್ಬಳೇ ಓದುತ್ತೇನೆ, ಅಷ್ಟು ಜನರ ನಡುವೆ ಕೂತು. ಇದು ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

ಒಂದು ತೊಂದರೆಯಾಗಿದೆ. ನಿಮ್ಮ ಕಡೆ ಚಳಿ ಎಂದು ನಿಜವಾದ ಸಾಲೊಂದನ್ನು ಮರೆತು ಓದಿಬಿಟ್ಟಿದ್ದೆ. ನಿನ್ನೆ ಚಂದಮ್ಮ ಕಾಕು ಗಲ್ಲಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದರು. ಎಲ್ಲರೂ ಸೇರಿ ಸಂತೆಯಲ್ಲಿ ಎರಡು ಉಣ್ಣೆಯ ಕಂಬಳಿ ತಂದಿದ್ದಾರೆ. 'ನಿನ್ನ ಗಂಡಗಲ್ಲವಾ, ಅಂವಗ ಸರ್ಕಾರ ಕೊಡ್ತದ. ಇವು ಆ ಮುದುಕ್ಯಾರಿಗೆ. ಎರಡೂ ಒಂದ ಬಣ್ಣದವ ತಂದೀವಿ, ಇದಕ್ಕೂ ಜಗಳಾ ಆಡಬಾರದು ನೋಡು' ಎಂದರು. ಹಜಿರಾ ಬೀ ಅಂಚು ಹೊಲಿದಿದ್ದಾರೆ. ನಾನು ಏನು ಹೇಳಲಿ? ತೆಗೆದುಕೊಂಡೆ.

ಎರಡನ್ನೂ ಪಾರ್ಸೆಲ್ ಮಾಡುತ್ತಿದ್ದೇನೆ. ಒಂದನ್ನು ಸರ್ಫರಾಜ್ ಅವರ ಕೈಯಲ್ಲಿ ಗದ್ದೆಯಜ್ಜಿಗೆ ಮುಟ್ಟಿಸಿ. ಸಾಹೇಬರ ಪರವಾನಗಿ ಕೇಳಿಯೇ ಮುಟ್ಟಿಸಿ. ಇನ್ನೊಂದು ನಿಮ್ಮ ಹತ್ತಿರ ಇರಲಿ. ಆಕೆ ಸಿಗುವವರೆಗೆ ಚಳಿಯಾದರೆ ಹೊದ್ದುಕೊಳ್ಳಿ, ಆದರೆ ನಿಮ್ಮದು ಎಂದುಕೊಳ್ಳಬೇಡಿ.

ವಿಶಾಖಾ